ಪೊರಕೆ ಕಡ್ಡಿಯ ಗೋಪುರ

ಯಲಹಂಕದ ಒಂದು ಸಭಾಂಗಣದಲ್ಲಿ ಈಚೆಗೆ ನಡೆದ ತಂಡ ಕಟ್ಟುವ ತರಬೇತಿಯನ್ನು ಕೂತು ನೋಡಿದೆ. ಬೆಳಿಗ್ಗೆ 10ಕ್ಕೆ ಶುರುವಾಗಬೇಕಿತ್ತು. ಹೆಬ್ಬಾಳದ ಮೇಲ್ಸೇತುವೆ ಬಳಿ ಸಿಕ್ಕಿಕೊಂಡ ಕ್ಯಾಬುಗಳು ಬಂದು ಸೇರುವಾಗ 10:45. ಮಧ್ಯಾಹ್ನದ ಶಿಫ್ಟಿನವರು 12ಕ್ಕೆ ಏಳಲೇಬೇಕು. ಮೇಜುಗಳು ನೆಲಕ್ಕೆ ಬಿಗಿದಂಥವು, ಜಾಗ ಇಕ್ಕಟ್ಟು. ಕಾರ್ಯಕ್ರಮಕ್ಕೆ ಉಳಿದದ್ದು 75 ನಿಮಿಷ. ನಗರದ ಈ ಭಾಗದಲ್ಲಿ ಟೆಕ್ ಪಾರ್ಕಿಗಾಗಲಿ ಗೋದಾಮಿಗಾಗಲಿ ತರಬೇತಿ ಕೊಡುವವರಿಗೆ ಈ ಪಾಡು ಹೊಸದಲ್ಲ. ಆಟಗಳನ್ನು ಹಿಗ್ಗಿಸಿ ಕುಗ್ಗಿಸಿ ಹೊಂದಿಸಿಕೊಳ್ಳಲೇಬೇಕು. ಆದರೆ ಹೊಂದಿಸುವಾಗ ಆಟದ ಜೀವ ಎಲ್ಲಿದೆ ಎಂದು ತಿಳಿದಿರಬೇಕು. ಅಂದಿನ ತರಬೇತಿ ಒಂದು ಕಡೆ ಅದನ್ನು ಕಳೆದುಕೊಂಡಿತು, ಇನ್ನೊಂದು ಕಡೆ ಚೆನ್ನಾಗಿ ಉಳಿಸಿಕೊಂಡಿತು.

ಮೊದಲನೆಯದು ಮಾರ್ಷ್‌ಮ್ಯಾಲೋ ಗೋಪುರ. ಪೀಟರ್ ಸ್ಕಿಲ್‌ಮನ್ ರೂಪಿಸಿದ ಈ ಆಟವನ್ನು 2010ರ ಟೆಡ್ ಭಾಷಣದಲ್ಲಿ ಟಾಮ್ ವುಜೆಕ್ ಜನಪ್ರಿಯಗೊಳಿಸಿದರು. ನಾಲ್ವರ ತಂಡಕ್ಕೆ ಬೇಯಿಸದ 20 ಸ್ಪಗೆಟ್ಟಿ ಕಡ್ಡಿ, ಒಂದು ಗಜ ಟೇಪು, ಒಂದು ಗಜ ದಾರ, ಮಾರ್ಷ್‌ಮ್ಯಾಲೋ ಎಂಬ ಮೆತ್ತನೆಯ ಮಿಠಾಯಿ ಒಂದು. 18 ನಿಮಿಷದಲ್ಲಿ ಎತ್ತರದ ಗೋಪುರ ಕಟ್ಟಿ ಅದರ ತುದಿಗೆ ಮಾರ್ಷ್‌ಮ್ಯಾಲೋ ನಿಲ್ಲಿಸಬೇಕು. ವುಜೆಕ್ ಹೇಳುವಂತೆ ಮ್ಯಾನೇಜ್‌ಮೆಂಟ್ ಪದವೀಧರರಿಗಿಂತ ಶಿಶುವಿಹಾರದ ಮಕ್ಕಳು ಇದರಲ್ಲಿ ಮುಂದೆ. ದೊಡ್ಡವರು ಚರ್ಚಿಸಿ, ಯೋಜಿಸಿ, ಕೊನೆಯ ಗಳಿಗೆಯಲ್ಲಿ ತುದಿಗೆ ಭಾರ ಇಡುತ್ತಾರೆ, ಗೋಪುರ ಕುಸಿಯುತ್ತದೆ. ಮಕ್ಕಳು ಮೊದಲಿನಿಂದಲೂ ಅದನ್ನು ಇಟ್ಟು ಇಟ್ಟು ನೋಡುತ್ತಾರೆ.

ಇಲ್ಲಿ ಸ್ಪಗೆಟ್ಟಿಯ ಬದಲು ತೆಂಗಿನ ಪೊರಕೆ ಕಡ್ಡಿ ಬಂತು. ತಪ್ಪೇನಿಲ್ಲ, ಅಗ್ಗ, ಎಲ್ಲರ ಕೈಗೂ ಪಳಗಿದ್ದು. ಮಾರ್ಷ್‌ಮ್ಯಾಲೋ ಬದಲು ಹತ್ತಿಯ ಉಂಡೆ ಬಂತು. ಆಟ ಕೆಟ್ಟದ್ದು ಅಲ್ಲೇ. ಕಡ್ಡಿ ಮುರಿಯುವುದಿಲ್ಲ, ಹತ್ತಿಗೆ ತೂಕವಿಲ್ಲ. ಎಲ್ಲ ಗೋಪುರಗಳೂ ನಿಂತವು, ಎಲ್ಲರಿಗೂ ಚಪ್ಪಾಳೆ ಸಿಕ್ಕಿತು, ಯಾರೂ ಏನೂ ಕಲಿಯಲಿಲ್ಲ. ಹಗುರ ಎಂದುಕೊಂಡದ್ದು ಭಾರವಾಗುವ ಆ ಒಂದು ಕ್ಷಣವೇ ಈ ಆಟದ ಪಾಠ. ಮನೆಗೆ ಬಂದು ಹತ್ತಿಯ ಜಾಗದಲ್ಲಿ ನಿಂಬೆಹಣ್ಣು ಇಟ್ಟು ನೋಡಿದೆ. ನೆಟ್ಟಗೆ ನಿಂತಿದ್ದ ಕಡ್ಡಿಗಳು ಬಿಲ್ಲಿನಂತೆ ಬಾಗಿದವು, ಹಣ್ಣು ಉರುಳಿ ಮೇಜಿನ ಕೆಳಗೆ ಹೋಯಿತು. ಒಂದು ನಿಂಬೆಹಣ್ಣಿನಿಂದ ಆಟಕ್ಕೆ ಜೀವ ಮರಳುತ್ತಿತ್ತು.

ಎರಡನೆಯದು ಕಣ್ಣಿಗೆ ಬಟ್ಟೆ ಕಟ್ಟಿದವರನ್ನು ಬರೀ ಮಾತಿನಿಂದ ನಡೆಸುವ ಆಟ. ಬಿಗಿದ ಮೇಜುಗಳ ನಡುವೆ ಎಡವಿ ಬೀಳುವ ಭಯ, ಮೈ ಮುಟ್ಟಿ ಹಿಡಿಯುವುದಕ್ಕೆ ಹಲವರಿಗೆ ಸಂಕೋಚ. ತರಬೇತುದಾರರು ನಡಿಗೆಯನ್ನೇ ಕೈಬಿಟ್ಟು ಇಬ್ಬಿಬ್ಬರನ್ನು ಬೆನ್ನಿಗೆ ಬೆನ್ನು ಮಾಡಿ ಕೂರಿಸಿದರು. ಒಬ್ಬರ ಕೈಯಲ್ಲಿ ಚಿತ್ರ, ಇನ್ನೊಬ್ಬರ ಕೈಯಲ್ಲಿ ಖಾಲಿ ಹಾಳೆ, ಪೆನ್ನು. ನನ್ನ ಪಕ್ಕದ ಜೋಡಿಯಲ್ಲಿ ಸ್ಟೋರ್ಸ್‌ನ ಹಿರಿಯರೊಬ್ಬರು "ಚೌಕದ ಮೇಲೆ ಒಂದು ತ್ರಿಕೋನ ಹಾಕಮ್ಮ" ಎಂದರು. ಹುಡುಗಿ ಚೌಕದ ಮೈಮೇಲೇ ಹಾಕಿದಳು. ಚಿತ್ರದಲ್ಲಿ ತ್ರಿಕೋನ ಚೌಕದಿಂದ ಒಂದು ಬೆರಳು ಮೇಲಕ್ಕಿತ್ತು. ಇಬ್ಬರೂ ಕನ್ನಡದವರೇ, ಮಾತೂ ಸರಿಯೇ. "ತಾಗಿಸಿ ಹಾಕ್ಲಾ, ಬಿಟ್ಟು ಹಾಕ್ಲಾ ಅಂತ ಕೇಳ್ಬೇಕಿತ್ತು ಸರ್" ಎಂದಳು ಅವಳು. "ನಾನೇ ಹೇಳ್ಬೇಕಿತ್ತು ಬಿಡಮ್ಮ" ಎಂದರು ಅವರು. ಅಡ್ಡಿಯಾಗಿದ್ದ ಜಾಗವೇ ಆಟವನ್ನು ಮೂಲಕ್ಕಿಂತ ಹರಿತ ಮಾಡಿತ್ತು. ಬೀಳುವ ಅಪಾಯ ಹೋಯಿತು. ಕಾಣದವರಿಗೆ ಕಾಣುವವರು ಹೇಳಬೇಕಾದ ಕಷ್ಟ ಹಾಗೇ ಉಳಿಯಿತು.

ಆದರೆ ಆ ಜೋಡಿಯ ಮಾತು ಅವರಿಬ್ಬರಲ್ಲೇ ಉಳಿಯಿತು. ಸಮಯ ಮುಗಿದಿತ್ತು, ಗ್ರೂಪ್ ಫೋಟೋ ತೆಗೆದು ಎಲ್ಲರೂ ಹೊರಟರು. ನನ್ನ ದೊಡ್ಡ ತಕರಾರು ಇದು. ಡೇವಿಡ್ ಕೋಲ್ಬ್ 1984ರಲ್ಲಿ ವಿವರಿಸಿದ ಅನುಭವ ಕಲಿಕೆಯ ಚಕ್ರದಲ್ಲಿ ನಾಲ್ಕು ಹಂತಗಳಿವೆ: ಮಾಡುವುದು, ಮಾಡಿದ್ದನ್ನು ತಿರುಗಿ ನೋಡುವುದು, ಅದರಿಂದ ಒಂದು ತಿಳಿವಳಿಕೆಗೆ ಬರುವುದು, ಅದನ್ನು ಮತ್ತೆ ಪ್ರಯೋಗಿಸುವುದು. ಸಮಯ ಸಾಲದಾದಾಗ ನಾವು ಮೊದಲನೆಯದನ್ನಷ್ಟೇ ಉಳಿಸಿಕೊಂಡು ಉಳಿದ ಮೂರಕ್ಕೂ ಕತ್ತರಿ ಹಾಕುತ್ತೇವೆ. ಕತ್ತರಿ ಬೀಳಬೇಕಾದ್ದು ಆಟಗಳ ಸಂಖ್ಯೆಗೆ. 75 ನಿಮಿಷಕ್ಕೆ ಒಂದೇ ಆಟ ಸಾಕು: 25 ನಿಮಿಷ ಆಡಿ, 30 ನಿಮಿಷ ಮಾತಾಡಿ, ಉಳಿದ 20ರಲ್ಲಿ ಅದನ್ನೇ ಇನ್ನೊಮ್ಮೆ ಆಡಬೇಕು. ಆ ಹುಡುಗಿಗೆ ಎರಡನೇ ಹಾಳೆ ಸಿಕ್ಕಿದ್ದರೆ ತ್ರಿಕೋನ ಬರೆಯುವ ಮೊದಲು ಅವಳು ಖಂಡಿತ ಕೇಳುತ್ತಿದ್ದಳು.