ಕುಂತಲ ಶಾತಕರ್ಣಿಯ ಕರ್ತರೀಪ್ರಹಾರ: ಕಾಮಸೂತ್ರದ ಪ್ರಹಣನಾಧ್ಯಾಯದ ಒಂದು ವಿಮರ್ಶೆ

೧

ಪ್ರಾಚೀನ ಇತಿಹಾಸದ ಗ್ರಂಥಗಳಲ್ಲಿ ಕಾರವಾರದ ಹೆಸರು ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಸೀಸದ ನಾಣ್ಯಗಳ ಮೂಲಕ. ೧೯೦೮ರಲ್ಲಿ ಪ್ರಕಟವಾದ ಬ್ರಿಟಿಷ್ ಮ್ಯೂಸಿಯಮ್ಮಿನ ಆಂಧ್ರನಾಣ್ಯ ಸೂಚಿಯಲ್ಲಿ ರ‍್ಯಾಪ್ಸನ್ ಅವರು ಕಾರವಾರದ ದೊಡ್ಡ ಸೀಸದ ನಾಣ್ಯಗಳನ್ನು ವರ್ಣಿಸಿದ್ದಾರೆ. ಅವುಗಳ ಮೇಲಿನ ಹೆಸರುಗಳನ್ನು ಈಗ ಚುಟುಕುಲಾನಂದ, ಮೂಳಾನಂದ ಎಂದು ಓದುವುದುಂಟು. ಕಾರವಾರ ಅಂಕೋಲೆಗಳ ಕಡೆಯ ವಿದ್ಯಾರ್ಥಿಗಳಿಗೆ ಈ ನಾಣ್ಯಗಳ ಪಾಠವನ್ನು ಹೇಳುವಾಗ ಬನವಾಸಿಯ ಚುಟುಗಳ ಮಾತು ಬರುತ್ತದೆ. ಅದರ ಹಿಂದೆಯೇ ಕುಂತಲದ ಶಾತಕರ್ಣಿಗಳ ಮಾತೂ, ವಾತ್ಸ್ಯಾಯನನ ಕಾಮಸೂತ್ರದ ಒಂದು ವಾಕ್ಯವೂ ಬರುತ್ತವೆ. ಕುಂತಲ ಶಾತಕರ್ಣಿ ಶಾತವಾಹನನು ತನ್ನ ಮಹಾದೇವಿಯಾದ ಮಲಯವತಿಯನ್ನು ರತಿಸಮಯದಲ್ಲಿ ‘ಕರ್ತರಿ’ಯೆಂಬ ಏಟಿನಿಂದ ಕೊಂದನೆಂಬುದು ಆ ವಾಕ್ಯದ ತಾತ್ಪರ್ಯ.

ಇತಿಹಾಸಕಾರರು ಈ ವಾಕ್ಯವನ್ನು ಬಳಸಿಕೊಂಡಿರುವುದು ಮುಖ್ಯವಾಗಿ ಕಾಲನಿರ್ಣಯಕ್ಕಾಗಿ. ಶಾತವಾಹನ ಅರಸನೊಬ್ಬನನ್ನು ಹಿಂದಿನವನೆಂಬಂತೆ ಹೆಸರಿಸುವ ಕಾರಣ ವಾತ್ಸ್ಯಾಯನನು ಅವನಿಗಿಂತ ಈಚಿನವನೆಂದು ವಾದಿಸುವುದು ವಾಡಿಕೆ. ಗ್ರಂಥವನ್ನು ಸಾಮಾನ್ಯವಾಗಿ ಕ್ರಿ.ಶ. ೩ನೆಯ ಶತಮಾನಕ್ಕೆ ಇಡುವುದರಲ್ಲಿ ಈ ವಾದಕ್ಕೂ ಪಾಲಿದೆ. ನಾವೂ ತರಗತಿಯಲ್ಲಿ ಇದನ್ನೇ ಹೇಳಿ ಮುಂದಕ್ಕೆ ಸಾಗಿದವರು. ಒಬ್ಬ ಸ್ತ್ರೀಯ ಮರಣವು ಹೀಗೆ ತೇದಿಯನ್ನು ಗೊತ್ತುಪಡಿಸುವ ಸಾಧನವಾಗಿ ಮಾತ್ರ ಉಳಿದಿರುವುದು ಉಚಿತವೇ ಎಂಬ ಪ್ರಶ್ನೆ ಪ್ರಸ್ತುತ ಲೇಖನಕ್ಕೆ ಪ್ರೇರಣೆ.

ಇನ್ನೊಂದು ಕಾರಣವೂ ಉಂಟು. ಪ್ರಾಪ್ತವಯಸ್ಕರಾದ ಇಬ್ಬರು ಪರಸ್ಪರ ಒಪ್ಪಿ ಪ್ರಣಯದಲ್ಲಿ ಮೆಲ್ಲನೆ ಏಟು ಕೊಡುವ, ಏಟು ಪಡೆಯುವ ಆಟವನ್ನು ಬಯಸುವುದು ಹೊಸ ಕಾಲದ ವಿಕಾರವೆಂದು ಕೆಲವರು ಭಾವಿಸುತ್ತಾರೆ. ನಮ್ಮ ಶಾಸ್ತ್ರದಲ್ಲಿಯೇ ಹೇಳಿದೆ, ಆದುದರಿಂದ ಅದರಲ್ಲಿ ವಿಚಾರಿಸತಕ್ಕದ್ದೇನೂ ಇಲ್ಲವೆಂದು ಮತ್ತೆ ಕೆಲವರು ಭಾವಿಸುತ್ತಾರೆ. ಎರಡು ಪಕ್ಷದವರೂ ಆ ಅಧ್ಯಾಯವನ್ನು ಓದಿದಂತೆ ತೋರುವುದಿಲ್ಲ. ಈ ದಾರಿಗೆ ಹೊಸಬರಾದ ದಂಪತಿಗಳಿಗೆ ಅದು ಎಷ್ಟರಮಟ್ಟಿಗೆ ಮಾರ್ಗದರ್ಶಕ, ಎಲ್ಲಿ ಅದು ದಾರಿ ತಪ್ಪಿಸುತ್ತದೆ ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

೨

ಕಾಮಸೂತ್ರದ ಎರಡನೆಯ ಅಧಿಕರಣದ ಏಳನೆಯ ಅಧ್ಯಾಯಕ್ಕೆ ಪ್ರಹಣನ, ಸೀತ್ಕೃತ ಎಂಬ ಎರಡು ವಿಷಯಗಳು. ಮೊದಲನೆಯದು ಏಟು, ಎರಡನೆಯದು ಏಟಿನಿಂದ ಹುಟ್ಟುವ ಧ್ವನಿ. ಕಾಮವು ಸ್ವಭಾವತಃ ಒಂದು ಬಗೆಯ ಕಲಹವೆಂಬ ಮಾತಿನಿಂದ ವಾತ್ಸ್ಯಾಯನನು ಪ್ರಾರಂಭಿಸುತ್ತಾನೆ. ಏಟಿಗೆ ಸ್ಥಾನಗಳು ಆರು: ಹೆಗಲು, ತಲೆ, ಎದೆಯ ನಡು, ಬೆನ್ನು, ಜಘನ, ಪಕ್ಕೆ. ಏಟಿನ ಬಗೆಗಳು ನಾಲ್ಕು: ಅಂಗೈಯ ಹಿಂಬದಿಯಿಂದ ಕೊಡುವುದು ಅಪಹಸ್ತಕ, ಬೆರಳುಗಳನ್ನು ತುಸು ಬಗ್ಗಿಸಿ ಕೊಡುವುದು ಪ್ರಸೃತಕ, ಮುಷ್ಟಿ, ಚಪ್ಪಟೆ ಅಂಗೈಯ ಸಮತಲಕ. ಎಲ್ಲ ಕಡೆಯೂ ಕೈಯೇ ಸಾಧನ.

ಈ ಭಾಗದಲ್ಲಿ ಮೆಚ್ಚತಕ್ಕ ಅಂಶಗಳಿಗೆ ಕೊರತೆಯಿಲ್ಲ. ಮಂದವಾಗಿ ತೊಡಗಿ, ರಾಗವು ಬೆಳೆದಂತೆಲ್ಲ ಕ್ರಮವಾಗಿ ಹೆಚ್ಚಿಸಬೇಕೆಂಬ ವಿಧಿ ಅದರಲ್ಲಿದೆ. ಏಟು ಬಿದ್ದವಳು ತಿರುಗಿ ಏಟು ಕೊಡುವಳೆಂಬ ಮಾತಿದೆ. ಕಾಠಿಣ್ಯವು ಪುರುಷನ ಧರ್ಮ, ಅಶಕ್ತಿಯು ಸ್ತ್ರೀಯ ಧರ್ಮ ಎಂದು ಹೇಳಿದ ಮೇಲೂ ಕೆಲವೊಮ್ಮೆ ಪಾತ್ರಗಳು ಅದಲುಬದಲಾಗುವುದನ್ನು ಗ್ರಂಥಕಾರನು ಒಪ್ಪುತ್ತಾನೆ. ಕೊನೆಯ ಶ್ಲೋಕಗಳಲ್ಲಿ, ಓಟದ ರಭಸದಿಂದ ಕುರುಡಾಗಿ ದಾರಿಯ ಹಳ್ಳಕೊಳ್ಳಗಳನ್ನು ಕಾಣದ ಕುದುರೆಗೆ ಕಾಮಿಗಳನ್ನು ಹೋಲಿಸಿ, ಆಕೆಯ ಬಲವನ್ನೂ ತನ್ನ ಬಲವನ್ನೂ ತಿಳಿದು ನಡೆಯಬೇಕೆಂದೂ, ಯಾವ ಪ್ರಯೋಗವೂ ಎಲ್ಲ ಕಾಲಕ್ಕೆ ಎಲ್ಲರಿಗೆ ಸಲ್ಲುವುದಲ್ಲವೆಂದೂ ಎಚ್ಚರಿಸುತ್ತಾನೆ. ಇಂದಿನ ವಿವೇಕಿಯೂ ಈ ಮಾತುಗಳನ್ನು ಅಲ್ಲಗಳೆಯಲಾರನು.

ಆದರೆ ಆರು ಸ್ಥಾನಗಳ ಪಟ್ಟಿಯನ್ನು ಇಂದಿನ ಶರೀರಶಾಸ್ತ್ರವು ಒಪ್ಪುವಂತಿಲ್ಲ. ತಲೆಗೆ ಬೀಳುವ ಏಟು ಮಿದುಳಿಗೆ ಅಪಾಯಕರ. ಬೆನ್ನಿನ ಕೆಳಭಾಗದಲ್ಲಿ, ಕೊನೆಯ ಪಕ್ಕೆಲುಬುಗಳ ಎಡೆಯಲ್ಲಿ ಮೂತ್ರಪಿಂಡಗಳಿವೆ, ನಡುವೆ ಬೆನ್ನೆಲುಬಿದೆ. ಉಳಿಯುವುದು ನಿತಂಬದ ಮಾಂಸಲವಾದ ಕೆಳಭಾಗವೊಂದೇ. ಅಲ್ಲಿಯೂ ಬೆನ್ನೆಲುಬಿನ ತುದಿಯ ಮೂಳೆಯನ್ನು ಬಿಟ್ಟು ನಡೆಯಬೇಕು. ನಾಲ್ಕು ಬಗೆಗಳಲ್ಲಿ ಹೊಸಬರಿಗೆ ಸಲ್ಲುವುದು ಸಮತಲಕ ಮಾತ್ರ. ಚಪ್ಪಟೆ ಅಂಗೈಯಲ್ಲಿ ಕೊಟ್ಟವನಿಗೂ ಏಟಿನ ಉರಿ ತಿಳಿಯುತ್ತದೆ. ಮುಷ್ಟಿಯಲ್ಲಿಯೂ ಕೋಲಿನಲ್ಲಿಯೂ ಅಷ್ಟು ತಿಳಿಯುವುದಿಲ್ಲ.

೩

ಇನ್ನು ನಮ್ಮ ನಾಡಿಗೆ ಸಂಬಂಧಿಸಿದ ಭಾಗ. ಮೇಲಿನ ನಾಲ್ಕರ ಜೊತೆಗೆ ಎದೆಯ ಮೇಲೆ ಕೀಲ, ತಲೆಯ ಮೇಲೆ ಕರ್ತರಿ, ಕೆನ್ನೆಯ ಮೇಲೆ ವಿದ್ಧ, ಸ್ತನ ಪಾರ್ಶ್ವಗಳಲ್ಲಿ ಸಂದಂಶಿಕಾ ಎಂಬ ಮತ್ತೆ ನಾಲ್ಕನ್ನು ದಾಕ್ಷಿಣಾತ್ಯರು ಬಳಸುವರೆಂದು ವಾತ್ಸ್ಯಾಯನನು ಹೇಳಿ, ಇದು ಕಷ್ಟಕರವೂ ಅನಾರ್ಯವೂ ಆದುದೆಂದು ತಾನು ಅನಾದರಿಸುತ್ತಾನೆ. ಅನಂತರ ಮೂರು ನಿದರ್ಶನಗಳು: ಚೋಳರಾಜನು ಚಿತ್ರಸೇನೆಯೆಂಬ ಗಣಿಕೆಯನ್ನು ಕೀಲದಿಂದ ಕೊಂದುದು, ಕುಂತಲ ಶಾತಕರ್ಣಿಯು ಮಲಯವತಿಯನ್ನು ಕರ್ತರಿಯಿಂದ ಕೊಂದುದು, ಕೈ ಊನವಾಗಿದ್ದ ನರದೇವನು ವಿದ್ಧವನ್ನು ತಪ್ಪಾಗಿ ಪ್ರಯೋಗಿಸಿ ನಟಿಯೊಬ್ಬಳ ಕಣ್ಣನ್ನು ಕಳೆದುದು.

ಇದರಿಂದ ದಕ್ಷಿಣದವರು ಕ್ರೂರಿಗಳೆಂಬ ಸಿದ್ಧಾಂತವನ್ನು ಎತ್ತುವುದು ಸರಿಯಲ್ಲ. ಇದೇ ಅಧಿಕರಣದ ಐದನೆಯ ಅಧ್ಯಾಯದಲ್ಲಿ ದೇಶದೇಶದ ಸ್ತ್ರೀಯರ ಸ್ವಭಾವವನ್ನು ಹೇಳುವಾಗ ವನವಾಸದ, ಎಂದರೆ ಬನವಾಸಿಯ ಕಡೆಯ ಸ್ತ್ರೀಯರು ಅಶ್ಲೀಲವನ್ನೂ ಪರುಷವಾದುದನ್ನೂ ದೂರವಿಡುವವರೆಂದು ಹೇಳಿದೆ. ಈ ಬನವಾಸಿಯು ಕಾರವಾರ ಅಂಕೋಲೆಗಳು ಸೇರಿರುವ ಜಿಲ್ಲೆಯಲ್ಲಿಯೇ, ಶಿರಸಿ ತಾಲ್ಲೂಕಿನಲ್ಲಿ ವರದಾನದಿಯ ದಡದಲ್ಲಿದೆ. ಒಂದೇ ಗ್ರಂಥವು ಒಂದು ಕಡೆ ದಕ್ಷಿಣದ ಏಟಿನ ಕ್ರೌರ್ಯವನ್ನೂ ಇನ್ನೊಂದು ಕಡೆ ಕುಂತಲದ ಸ್ತ್ರೀಯರಿಗೆ ಪರುಷತೆಯಲ್ಲಿರುವ ಅರುಚಿಯನ್ನೂ ಹೇಳುತ್ತಿರುವುದನ್ನು ಯಾರೂ ಒತ್ತಿ ತೋರಿಸಿದಂತಿಲ್ಲ. ಎರಡನ್ನೂ ಕೂಡಿಸಿ ಓದಿದರೆ, ‘ದೇಶದ ರೂಢಿ’ ಎಂದು ಕರೆದುದು ಏಟು ಕೊಡುವವರ ರೂಢಿಯೇ ಹೊರತು ಏಟು ಪಡೆಯುವವರ ಇಚ್ಛೆಯಲ್ಲವೆಂಬ ಸಂಶಯ ಬಲವಾಗುತ್ತದೆ.

ಇತಿಹಾಸದ ವಿದ್ಯಾರ್ಥಿಗಳು ಮತ್ತೊಂದು ಎಚ್ಚರವನ್ನೂ ವಹಿಸಬೇಕು. ಬನವಾಸಿಯಲ್ಲಿ ಶಾತವಾಹನ ಅರಸ ವಾಸಿಷ್ಠೀಪುತ್ರ ಶಿವಶ್ರೀ ಪುಳುಮಾವಿಯ ಮಹಾದೇವಿಯ ಸ್ಮಾರಕವಾಗಿ ನಿಲ್ಲಿಸಿದ ಕಲ್ಲೊಂದು ದೊರೆತಿದೆ. ಇದನ್ನು ಮಲಯವತಿಯೊಡನೆ ಜೋಡಿಸಲು ಮನಸ್ಸು ಹಾರೈಸುವುದು ಸಹಜ. ಆದರೆ ಅರಸನ ಹೆಸರು ಬೇರೆ, ಜೋಡಿಸಲು ಆಧಾರವಿಲ್ಲ. ಕಾರವಾರದ ನಾಣ್ಯಗಳ ಚುಟುಕುಲಾನಂದನನ್ನು ಈ ಕಥೆಯ ಶಾತಕರ್ಣಿಯೆಂದು ಹೇಳುವುದಕ್ಕೂ ಆಧಾರವಿಲ್ಲ. ಮಲಯವತಿಗೆ ನಮಗೆ ತಿಳಿದಂತೆ ಶಿಲೆಯಿಲ್ಲ, ಶಾಸನವಿಲ್ಲ. ಇರುವುದು ಒಂದು ಶಾಸ್ತ್ರಗ್ರಂಥದ ಅರ್ಧ ವಾಕ್ಯ.

ಆ ಅರ್ಧ ವಾಕ್ಯಕ್ಕೆ ಹದಿಮೂರನೆಯ ಶತಮಾನದ ವ್ಯಾಖ್ಯಾನಕಾರ ಯಶೋಧರನು ಜಯಮಂಗಲೆಯಲ್ಲಿ ಒಂದು ವಿವರವನ್ನು ಸೇರಿಸಿದ್ದಾನೆ. ರಾಣಿಯು ಆಗತಾನೆ ಕಾಯಿಲೆಯಿಂದ ಎದ್ದಿದ್ದಳು, ಇನ್ನೂ ಬಲ ಬಂದಿರಲಿಲ್ಲ, ಮದನೋತ್ಸವಕ್ಕಾಗಿ ಅಲಂಕರಿಸಿಕೊಂಡಿದ್ದಳು, ಅರಸನು ಅದನ್ನು ಕಂಡು ಮೈಮರೆತನು. ಸಾವಿರ ವರ್ಷಗಳ ಅನಂತರದ ಈ ವಿವರವನ್ನು ಚರಿತ್ರೆಯೆಂದು ಸ್ವೀಕರಿಸಲಾಗದು. ಆದರೆ ವಿಮರ್ಶೆಯಾಗಿ ಅದು ಬಹು ಸೂಕ್ಷ್ಮವಾದುದು. ಅರಸನು ಕಂಡುದು ಅಲಂಕಾರವನ್ನು, ಕಾಣದೆ ಹೋದುದು ಅಂದಿನ ದಿನದ ಆಕೆಯ ದೇಹಸ್ಥಿತಿಯನ್ನು. ನಿನ್ನೆ ತಾಳಿದ ದೇಹ ಇಂದು ತಾಳಲಾರದು. ನಿನ್ನೆಯ ಒಪ್ಪಿಗೆಯೂ ಇಂದಿನದಲ್ಲ.

೪

ಹಾಗಾದರೆ ಶಾಸ್ತ್ರದ ಎಚ್ಚರಿಕೆಯನ್ನು ಪಾಲಿಸಿದ್ದರೆ ಮಲಯವತಿ ಉಳಿಯುತ್ತಿದ್ದಳೆ? ನಮಗೆ ಸಂದೇಹವಿದೆ, ಅಧ್ಯಾಯದ ಮುಖ್ಯ ದೋಷವೂ ಇಲ್ಲಿಯೇ ಇದೆ.

ಸೀತ್ಕೃತಗಳನ್ನು ಎಣಿಸುವಾಗ ವಾತ್ಸ್ಯಾಯನನು ಹಿಂಕಾರ, ಕೂಜಿತ, ರುದಿತ ಮುಂತಾದ ಧ್ವನಿಗಳನ್ನೂ ಪಾರಿವಾಳ, ಕೋಗಿಲೆ, ಹಂಸಗಳ ಕೂಗನ್ನೂ ಹೇಳುತ್ತಾನೆ. ಅವುಗಳ ಸಾಲಿನಲ್ಲಿಯೇ ‘ಅಮ್ಮಾ’ ಎಂಬ ಅರ್ಥದ ಮಾತು, ‘ಬೇಡ’ ಎಂಬ ಅರ್ಥದ ಮಾತು, ‘ಬಿಡು’ ಎಂಬ ಅರ್ಥದ ಮಾತು, ‘ಸಾಕು’ ಎಂಬ ಅರ್ಥದ ಮಾತುಗಳನ್ನೂ ಇಡುತ್ತಾನೆ. ಎಂದರೆ ನಿಷೇಧವು ಈ ಶಾಸ್ತ್ರದಲ್ಲಿ ಹಕ್ಕಿಯ ಕೂಗಿನಂತೆ ಒಂದು ಅಲಂಕಾರ. ಆಟದಲ್ಲಿ ‘ಬೇಡ’ವೆಂಬುದು ನಟನೆಯಾಗಿರಬಹುದೆಂಬ ಅನುಭವವನ್ನು ನಾವು ನಿರಾಕರಿಸುವುದಿಲ್ಲ, ಪ್ರಣಯಕಲಹವನ್ನು ಬಲ್ಲವರಿಗೆಲ್ಲ ಅದು ವಿದಿತವೇ. ನಟನೆಯ ‘ಸಾಕು’ ಯಾವುದು, ನಿಜವಾದ ‘ಸಾಕು’ ಯಾವುದು ಎಂದು ತಿಳಿಯುವ ಉಪಾಯವನ್ನು ಶಾಸ್ತ್ರವು ಕೊಡದಿರುವುದೇ ದೋಷ. ಎಲ್ಲ ಮಾತುಗಳನ್ನೂ ಆಟಕ್ಕೇ ಕೊಟ್ಟುಬಿಟ್ಟ ಮೇಲೆ ಆಟವನ್ನು ನಿಲ್ಲಿಸಲು ಮಾತೇ ಉಳಿಯಲಿಲ್ಲ. ಮಲಯವತಿಯು ಸಾಕೆಂದು ಕೂಗಿದ್ದರೂ ಈ ವ್ಯಾಕರಣದಲ್ಲಿ ಅದು ಸೀತ್ಕೃತದ ಲೆಕ್ಕಕ್ಕೇ ಸೇರುತ್ತಿದ್ದಿತು.

ಇದಕ್ಕೆ ಸಮಾಧಾನವಾಗಿ, ಬಲಾಬಲವನ್ನು ತಿಳಿದು ನಡೆಯಬೇಕೆಂದು ಹೇಳಿದೆಯಲ್ಲ ಎನ್ನಬಹುದು. ಆದರೆ ತಿಳಿಯುವುದು ಹೇಗೆ? ನೋಡಿ ಊಹಿಸುವುದರಿಂದಲೇ ಹೊರತು ಕೇಳಿ ತಿಳಿಯುವುದರಿಂದ ಎಂದು ಅಲ್ಲಿ ಹೇಳಿಲ್ಲ. ಇದೇ ಅಧಿಕರಣದಲ್ಲಿ ಮೊದಲೇ, ರತಿಚಕ್ರವು ತಿರುಗತೊಡಗಿದ ಮೇಲೆ ಶಾಸ್ತ್ರವೂ ಇಲ್ಲ, ಕ್ರಮವೂ ಇಲ್ಲ ಎಂಬ ಅಭಿಪ್ರಾಯವನ್ನು ಗ್ರಂಥಕಾರನೇ ಕೊಟ್ಟಿದ್ದಾನೆ. ಆ ಗಳಿಗೆಯಲ್ಲಿ ಶಾಸ್ತ್ರ ನಡೆಯದೆಂಬುದು ನಿಜವಾದರೆ, ನಿರ್ಣಯಿಸತಕ್ಕದ್ದನ್ನೆಲ್ಲ ಆ ಗಳಿಗೆಗೆ ಮುಂಚೆಯೇ ನಿರ್ಣಯಿಸಬೇಕಲ್ಲವೆ? ಈ ನ್ಯಾಯವಾದ ಹೆಜ್ಜೆಯನ್ನು ಅವನು ಇಡಲಿಲ್ಲ.

ಅವನಿಗೆ ಅದು ತಿಳಿಯದಿದ್ದುದಲ್ಲವೆಂಬುದು ಆಶ್ಚರ್ಯ. ಮೂರನೆಯ ಅಧಿಕರಣದಲ್ಲಿ ವಧುವಿನ ವಿಶ್ವಾಸವನ್ನು ಗಳಿಸುವ ಬಗೆಯನ್ನು ಹೇಳುವಾಗ, ವಿಶ್ವಾಸ ಬರುವ ಮುನ್ನ ಬಲಾತ್ಕರಿಸಿದರೆ ಆಕೆಗೆ ಸಂಗದಲ್ಲಿಯೇ ದ್ವೇಷ ಹುಟ್ಟುವುದೆಂದೂ, ಮಾತನಾಡಿಸಿ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯಬೇಕೆಂದೂ ಅವನೇ ಬರೆದಿದ್ದಾನೆ. ಕೇಳುವ ವಿದ್ಯೆ ಮೂರನೆಯ ಅಧಿಕರಣದಲ್ಲಿ ಉಳಿಯಿತು; ಏಟಿನ ವಿದ್ಯೆ ಎರಡನೆಯದರಲ್ಲಿ ಉಳಿಯಿತು.

೫

ಇವೆರಡನ್ನೂ ಕೂಡಿಸುವುದೇ ಹೊಸಬರಿಗೆ ಸರಿಯಾದ ಮಾರ್ಗವೆಂಬುದು ನಮ್ಮ ಅಭಿಪ್ರಾಯ. ಅದರ ಕ್ರಮವನ್ನು ಸಂಕ್ಷೇಪವಾಗಿ ಸೂಚಿಸಬಹುದು. ಮೊದಲನೆಯದಾಗಿ, ಮಾತುಕತೆಯು ಶಯನಗೃಹದ ಹೊರಗೆ, ರಾಗವಿಲ್ಲದ ವೇಳೆಯಲ್ಲಿ ನಡೆಯಬೇಕು. ಇಬ್ಬರೂ ತಮಗೆ ಏನು ಬೇಕು, ಏನು ಬೇಡ ಎಂದು ಹೇಳಬೇಕು. ಸಂಕೋಚದ ಮೌನವನ್ನು ಒಪ್ಪಿಗೆಯೆಂದು ಎಣಿಸಬಾರದು. ಎರಡನೆಯದಾಗಿ, ‘ಬೇಡ’ ‘ಸಾಕು’ಗಳು ಆಟಕ್ಕೆ ಸೇರಿಹೋಗಬಹುದಾದುದರಿಂದ, ಆಟದಲ್ಲಿ ಎಂದೂ ಬಾರದ ಬೇರೊಂದು ಮಾತನ್ನು ನಿಲುಗಡೆಗಾಗಿ ಗೊತ್ತುಮಾಡಿಕೊಳ್ಳಬೇಕು. ಅಂಕೋಲೆಯ ದಂಪತಿಗಳು ‘ಗಂಗಾವಳಿ’ ಎಂದರೂ ಆದೀತು, ಕಾರವಾರದವರು ‘ಕಾಳಿ’ ಎಂದರೂ ಆದೀತು. ಆ ಮಾತು ಬಿದ್ದೊಡನೆ ಕಾರಣ ಕೇಳದೆ ಕೈ ನಿಲ್ಲಬೇಕು. ಬಾಯಿಂದ ಮಾತು ಹೊರಡದ ಸಂದರ್ಭಕ್ಕಾಗಿ ಕೈಸನ್ನೆಯೂ ಇರಬೇಕು. ಮೂರನೆಯದಾಗಿ, ಅಂದಂದಿನ ದೇಹಸ್ಥಿತಿಯನ್ನು ಅಂದಂದೇ ವಿಚಾರಿಸಬೇಕು. ಕಾಯಿಲೆಯಿಂದ ಎದ್ದವರು, ಮದ್ಯ ಸೇವಿಸಿದವರು, ಸಿಟ್ಟಿನಲ್ಲಿರುವವರು ಈ ಆಟಕ್ಕೆ ತೊಡಗಬಾರದು. ಮನೆಯ ಜಗಳವನ್ನು ಆಟದ ನೆವದಲ್ಲಿ ತೀರಿಸಿಕೊಳ್ಳುವುದು ಆಟವಲ್ಲ. ನಾಲ್ಕನೆಯದಾಗಿ, ಅಂಗೈಯಿಂದ, ನಿತಂಬದ ಮೇಲೆ, ತೀರ ಹಗುರವಾಗಿ ಆರಂಭಿಸಿ, ನಡುನಡುವೆ ತಡೆದು ಕೇಳಬೇಕು. ಕೊನೆಯದಾಗಿ, ಆಟ ಮುಗಿದ ಮೇಲೆ ಒಬ್ಬರನ್ನೊಬ್ಬರು ಬಿಟ್ಟು ಏಳದೆ, ಉಪಚರಿಸಿ, ಸಂತೈಸಿ, ಮರುದಿನ ಆ ಬಗ್ಗೆ ಮಾತನಾಡಬೇಕು. ಇಬ್ಬರಲ್ಲಿ ಒಬ್ಬರಿಗೆ ಹಿಡಿಸದಿದ್ದರೆ ಅಲ್ಲಿಗೇ ಬಿಡಬೇಕು. ಅದರಿಂದ ಪ್ರೀತಿಗೆ ಕುಂದಿಲ್ಲ.

ನಮ್ಮ ಕಾಲದ ಕಾನೂನೂ ವೈದ್ಯವೂ ಇದೇ ಭೇದವನ್ನು ಗುರುತಿಸುತ್ತವೆ. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೨೫ನೆಯ ಕಲಮು, ಮರಣವನ್ನಾಗಲಿ ತೀವ್ರಗಾಯವನ್ನಾಗಲಿ ಉಂಟುಮಾಡುವ ಉದ್ದೇಶವಿಲ್ಲದೆ, ಹಾಗಾಗುವ ಸಂಭವವೂ ತಿಳಿಯದೆ, ೧೮ ವರ್ಷ ಮೀರಿದವರ ಒಪ್ಪಿಗೆಯಿಂದ ಮಾಡಿದ ಕ್ರಿಯೆಗೆ ರಕ್ಷಣೆಯನ್ನು ಕೊಡುತ್ತದೆ. ಅಲ್ಲಿ ಕೊಟ್ಟ ಉದಾಹರಣೆ ವಿನೋದಕ್ಕಾಗಿ ಕತ್ತಿವರಸೆಯಾಡಲು ಒಪ್ಪಿದ ಇಬ್ಬರದು. ಆದರೆ ಭಯದಿಂದಲೋ ತಪ್ಪು ತಿಳಿವಳಿಕೆಯಿಂದಲೋ ಕೊಟ್ಟದ್ದೆಂದು ಎದುರಿನವನಿಗೆ ಗೊತ್ತಿರುವ ಒಪ್ಪಿಗೆಯು ಒಪ್ಪಿಗೆಯಲ್ಲವೆಂದು ೨೮ನೆಯ ಕಲಮು ಹೇಳುತ್ತದೆ. ಮನೆಯೊಳಗಿನ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ ೨೦೦೫ರ ಕಾಯಿದೆಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ೧೧ನೆಯ ಆವೃತ್ತಿ ೨೦೨೨ರಲ್ಲಿ ಜಾರಿಗೆ ಬಂದಿತು. ಪ್ರಾಪ್ತವಯಸ್ಕರು ಪರಸ್ಪರ ಒಪ್ಪಿ ನಡೆಸುವ ಇಂಥ ಪ್ರಣಯವನ್ನು ಅದು ರೋಗವೆಂದು ಎಣಿಸುವುದಿಲ್ಲ. ಒಪ್ಪದವರ ಮೇಲೆ ನಡೆಸುವುದನ್ನು ವ್ಯಾಧಿಯೆಂದು ಉಳಿಸಿಕೊಂಡಿದೆ.

ಕನ್ನಡದಲ್ಲಿ ಚಂದ್ರರಾಜನ ಮದನತಿಲಕದಿಂದ ಮೊದಲ್ಗೊಂಡು ಕಾಮಶಾಸ್ತ್ರದ ಪರಂಪರೆ ಒಂದಿದೆ. ಅಲ್ಲಿ ‘ಬೇಡ’ವೆಂಬ ಮಾತಿಗೆ ಯಾವ ಸ್ಥಾನವಿದೆ ಎಂಬುದನ್ನು ಪರಿಶೀಲಿಸುವ ಕೆಲಸವನ್ನು ಸಾಹಿತ್ಯದ ವಿದ್ವಾಂಸರು ಕೈಗೊಂಡರೆ ಉಪಕಾರವಾಗುತ್ತದೆ. ನಮ್ಮ ಮಟ್ಟಿಗೆ, ಮುಂದೆ ಕಾರವಾರದ ಸೀಸದ ನಾಣ್ಯಗಳ ಪಾಠ ಬಂದಾಗ ಮಲಯವತಿಯ ಹೆಸರನ್ನು ಕಾಲನಿರ್ಣಯದ ಸಾಲಿನಲ್ಲಿ ಓದಿ ಮುಗಿಸದೆ, ಆಕೆಯು ಹೇಗೆ ಸತ್ತಳು, ಏಕೆ ಯಾರೂ ತಡೆಯಲಾಗಲಿಲ್ಲ ಎಂಬುದನ್ನೂ ವಿದ್ಯಾರ್ಥಿಗಳ ಮುಂದೆ ಇಡಬೇಕೆಂದು ನಿಶ್ಚಯಿಸಿದ್ದೇವೆ.