ಗಾಜಿನೊಳಗಿನ ಯುದ್ಧಕ್ಕೆ ಸಾಕ್ಷಿ ಯಾರು?

ಜಾತ್ರೆಯಲ್ಲಿ ಡಬ್ಬಿಯ ಕಿಂಡಿಗೆ ಕಣ್ಣಿಟ್ಟು ದಿಲ್ಲಿ, ಆಗ್ರಾ ನೋಡಿದ ನೆನಪು ನಮ್ಮ ತಲೆಮಾರಿನ ಅನೇಕರಿಗಿದೆ. ಚಿತ್ರಕ್ಕಿಂತ ಹೆಚ್ಚಾಗಿ ಡಬ್ಬಿಯವನ ಮಾತನ್ನು ನಾವು ನಂಬುತ್ತಿದ್ದೆವು. ಬೇರೆ ಯಾವುದೋ ಗುಮ್ಮಟ ಬಂದರೂ ಅವನು ತಾಜಮಹಲ್ ಎಂದರೆ ನಮಗೂ ಅದು ತಾಜಮಹಲೇ. ಮೊದಲ ಮಹಾಯುದ್ಧದ ಕಾಲದ ಫ್ರಾನ್ಸಿನ ಸ್ಟೀರಿಯೋ ಚಿತ್ರಗಳನ್ನು ಕುರಿತು ಯೋಚಿಸುವಾಗ ಆ ಡಬ್ಬಿಯವನೇ ನೆನಪಾಗುತ್ತಾನೆ. ಗಾಜಿನ ಮೇಲೆ ಮೂಡಿಸಿದ ಈ ಚಿತ್ರಗಳನ್ನು ಇಂದಿಗೂ ಹುಡುಕಿ ಕೊಳ್ಳುವ ಸಂಗ್ರಾಹಕರಿದ್ದಾರೆ. ಯಾವುದು ಅಸಲು, ಯಾವುದು ನಕಲು ಎಂದು ಅವರು ಬಲು ಎಚ್ಚರಿಕೆಯಿಂದ ಪರೀಕ್ಷಿಸುತ್ತಾರೆ. ಆದರೆ ಗಾಜು ಅಸಲಾದ ಮಾತ್ರಕ್ಕೆ ಅದು ಹೇಳುವ ಕತೆಯೂ ಅಸಲೇ? ನಮ್ಮ ತಕರಾರು ಇಲ್ಲಿಂದ ಶುರುವಾಗುತ್ತದೆ.

ಮೊದಲು ಈ ವಸ್ತುವಿನ ಪರಿಚಯವಾಗಲಿ. ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು ಆರೂವರೆ ಸೆಂಟಿಮೀಟರ್ ಅಂತರವಿದೆ. ಹಾಗಾಗಿ ಎರಡೂ ಕಣ್ಣುಗಳು ಒಂದೇ ನೋಟವನ್ನು ಕೊಂಚ ಬೇರೆ ಬೇರೆಯಾಗಿ ಕಾಣುತ್ತವೆ; ಮಿದುಳು ಅವೆರಡನ್ನು ಬೆಸೆದು ಆಳವನ್ನು ಕಟ್ಟುತ್ತದೆ. ಇದನ್ನು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ವಿವರಿಸಿದ. ಫೋಟೋಗ್ರಫಿ ಬಂದ ಮೇಲೆ, ಎರಡು ಮಸೂರಗಳಿಂದ ಜೋಡಿ ಚಿತ್ರ ತೆಗೆದು ಜೋಡಿ ಮಸೂರದ ಡಬ್ಬಿಯಲ್ಲಿ ನೋಡುವ ಹುಚ್ಚು ಯುರೋಪನ್ನೆಲ್ಲ ಹಿಡಿಯಿತು. ಪ್ಯಾರಿಸ್ಸಿನ ಝೂಲ್ ರಿಷಾರ್ 1893ರಲ್ಲಿ 'ವೆರಾಸ್ಕೋಪ್' ಎಂಬ ಕೈಯಲ್ಲಿ ಹಿಡಿಯುವಷ್ಟು ಪುಟ್ಟ ಕ್ಯಾಮೆರಾ ತಂದ. ಇಡೀ ಹಲಗೆಯ ಅಳತೆ 45×107 ಮಿಲಿಮೀಟರ್. 1914ರಲ್ಲಿ ರಣರಂಗಕ್ಕೆ ಹೊರಟ ಅನುಕೂಲಸ್ಥ ಅಧಿಕಾರಿಗಳ, ವೈದ್ಯರ ಸಾಮಾನಿನಲ್ಲಿ ಇಂಥ ಕ್ಯಾಮೆರಾಗಳೂ ಇದ್ದವು. 1915ರಲ್ಲಿ ಫ್ರೆಂಚ್ ಸೇನೆ ತನ್ನದೇ ಛಾಯಾಚಿತ್ರ ವಿಭಾಗವನ್ನು ತೆರೆಯಿತು. ಮನೆಯಲ್ಲಿ ಕುಳಿತು ಯುದ್ಧ ನೋಡಬಯಸುವವರಿಗೆ 'ಲಾ ಸ್ಟೀರಿಯೋಸ್ಕೋಪಿ ಯೂನಿವರ್ಸೆಲ್'ನಂಥ ಪ್ರಕಾಶನ ಸಂಸ್ಥೆಗಳು ಗಾಜಿನ ಚಿತ್ರಗಳನ್ನು ಪೆಟ್ಟಿಗೆಗಟ್ಟಲೆ ಮಾರಿದವು.

ಆದ್ದರಿಂದ ಕೈಗೆ ಬಂದ ಗಾಜು ಈ ಎರಡರಲ್ಲಿ ಯಾವ ಕುಲದ್ದು ಎಂಬುದೇ ಸಂಗ್ರಾಹಕನ ಮೊದಲ ಪ್ರಶ್ನೆ. ಮಾರಾಟದ ಗಾಜಿನಲ್ಲಿ ಸಾಮಾನ್ಯವಾಗಿ ಪ್ರಕಾಶಕರ ಗುರುತು, ಕ್ರಮಸಂಖ್ಯೆ, ಶೀರ್ಷಿಕೆ ಇರುತ್ತವೆ. ಸೈನಿಕನೊಬ್ಬ ತನಗಾಗಿ ತೆಗೆದದ್ದಾದರೆ ಅಂಚಿನಲ್ಲಿ ಕೈಬರಹದ ಊರ ಹೆಸರು, ತಾರೀಖು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ನಕಲಿನಿಂದ ನಕಲು ಮಾಡಿದ ಗಾಜಿನಲ್ಲಿ ಬಿಳುಪು ಸುಣ್ಣದಂತೆ, ಕಪ್ಪು ಮಸಿಯಂತೆ ಆಗಿ ನಡುವಿನ ಛಾಯೆಗಳು ಸತ್ತಿರುತ್ತವೆ. ಇನ್ನೊಂದು ಗುರುತೂ ಉಂಟು. ನೆಗೆಟಿವ್‌ನಿಂದ ಪ್ರತಿ ಮಾಡುವಾಗ ಎಡ ಬಲಗಳನ್ನು ಅದಲುಬದಲು ಮಾಡಬೇಕು. ಮಾಡದಿದ್ದರೆ ನೋಟವೇ ತಿರುಗುಮುರುಗಾಗಿ, ದೂರದ ಗುಡ್ಡ ಹತ್ತಿರಕ್ಕೂ ಹತ್ತಿರದ ಸೈನಿಕ ದೂರಕ್ಕೂ ಹೋಗಿಬಿಡುತ್ತಾರೆ.

ಇದಿಷ್ಟು ವಸ್ತುವಿನ ಪರೀಕ್ಷೆ. ದೃಶ್ಯದ ಪರೀಕ್ಷೆ ಇದಕ್ಕಿಂತ ಕಷ್ಟ. ಶೀರ್ಷಿಕೆ 'ಮಾರ್ನ್ ಕದನ, 1914' ಎನ್ನುತ್ತದೆ ಎಂದುಕೊಳ್ಳೋಣ. ಸೈನಿಕರ ತಲೆಯ ಮೇಲೆ ಉಕ್ಕಿನ ಶಿರಸ್ತ್ರಾಣವಿದ್ದರೆ ಶೀರ್ಷಿಕೆ ಸುಳ್ಳು. ಏಡ್ರಿಯನ್ ಹೆಸರಿನ ಆ ಶಿರಸ್ತ್ರಾಣ ಬಂದದ್ದೇ 1915ರಲ್ಲಿ. 1914ರ ಫ್ರೆಂಚ್ ಸೈನಿಕ ಬಟ್ಟೆಯ ಟೋಪಿ, ಕೆಂಪು ಷರಾಯಿಯಲ್ಲಿ ಗುಂಡಿಗೆ ಎದೆಯೊಡ್ಡಿದವನು. ಫ್ರಾನ್ಸಿನ ಟ್ಯಾಂಕು ಮೊದಲು ಯುದ್ಧಕ್ಕಿಳಿದದ್ದು 1917ರ ಏಪ್ರಿಲ್ 16ರಂದು. ಅದಕ್ಕಿಂತ ಹಿಂದಿನ ತಾರೀಖಿನ ಕೆಳಗೆ ಫ್ರೆಂಚ್ ಟ್ಯಾಂಕು ಕಂಡರೆ ಅನುಮಾನಿಸಬೇಕು. ಜರ್ಮನರ ಉಕ್ಕಿನ ಟೋಪಿ 1916ರದು. ಹೀಗೆ ಟೋಪಿ, ಗುಂಡಿ, ಮುಖವಾಡಗಳೇ ಶೀರ್ಷಿಕೆಗಿಂತ ಪ್ರಾಮಾಣಿಕವಾಗಿ ಮಾತಾಡುತ್ತವೆ.

ಇನ್ನು ದಾಳಿಯ ಚಿತ್ರಗಳು. ಸೈನಿಕರು ಕಂದಕದಿಂದ ಹಾರಿ ನಮ್ಮತ್ತಲೇ ಓಡಿಬರುತ್ತಿದ್ದಾರೆ, ಮುಖಗಳೆಲ್ಲ ಸ್ಪಷ್ಟ. ಸ್ಟೀರಿಯೋದಲ್ಲಿ ನೋಡಿದಾಗ ಮೈ ಜುಮ್ಮೆನ್ನುತ್ತದೆ. ಆದರೆ ಕ್ಯಾಮೆರಾ ನಿಂತದ್ದೆಲ್ಲಿ? ಅವರ ಎದುರಿಗೆ, ಅಂದರೆ ಶತ್ರುವಿನ ಬಂದೂಕಿಗೆ ಬೆನ್ನು ಕೊಟ್ಟು. ಅಲ್ಲಿ ನೆಟ್ಟಗೆ ನಿಂತು ಚಿತ್ರ ತೆಗೆದವನು ಬದುಕಿ ಬಂದನೆಂದರೆ, ಅದು ಹಿಂದಿನ ಸಾಲಿನ ತಾಲೀಮಿನ ಮೈದಾನವಾಗಿರುವ ಸಾಧ್ಯತೆಯೇ ಹೆಚ್ಚು. ತಮಾಷೆಯೆಂದರೆ, ನಮ್ಮನ್ನು ಮರುಳು ಮಾಡುವ ಆ ಆಳವೇ ಕಳ್ಳನನ್ನು ಹಿಡಿದುಕೊಡುವ ಪೊಲೀಸನೂ ಹೌದು. ಸಾಲದೆಂದು ಯಾರಾದರೂ ಆಕಾಶಕ್ಕೆ ಕುಂಚದಿಂದ ಹೊಗೆ ಬಳಿದಿದ್ದರೆ, ಆ ಎರಡು ಹೊಗೆಗಳು ಕೂದಲೆಳೆಯಷ್ಟೂ ತಪ್ಪದೆ ಹೊಂದಬೇಕು. ಹೊಂದದಿದ್ದರೆ ಹೊಗೆ ಗುಡ್ಡದ ಆಚೆಗೆ ಏಳುವ ಬದಲು ಸೈನಿಕನ ಮೂಗಿನ ಮುಂದೆ ತೇಲುತ್ತದೆ. ಚಪ್ಪಟೆ ಚಿತ್ರದಲ್ಲಿ ದಕ್ಕಿಸಿಕೊಳ್ಳಬಹುದಾದ ಸುಳ್ಳು ಇಲ್ಲಿ ದಕ್ಕುವುದು ಕಷ್ಟ.

ಆದರೆ ಯಾವ ಮಸೂರಕ್ಕೂ ಸಿಗದ ಸುಳ್ಳೊಂದಿದೆ. ಅದು ಹೆಸರಿನದು. ಕಪ್ಪು ಮೈಬಣ್ಣದ ಸೈನಿಕನ ಚಿತ್ರದ ಕೆಳಗೆ 'ಸೆನೆಗಲೀಸ್' ಎಂದಿರುತ್ತದೆ. ಅವನು ಮಾಲಿಯವನೋ, ಗಿನಿಯವನೋ ಇರಬಹುದು. ಫ್ರಾನ್ಸ್ ತನ್ನ ಇಡೀ ಪಶ್ಚಿಮ ಆಫ್ರಿಕಾದಿಂದ ಹಿಡಿದು ತಂದವರಿಗೆಲ್ಲ ಆ ಒಂದೇ ಹೆಸರು ಕೊಟ್ಟಿತ್ತು. ಅವರಲ್ಲಿ ಸುಮಾರು 30,000 ಮಂದಿ ಮರಳಲಿಲ್ಲ. 1914ರ ಸೆಪ್ಟೆಂಬರ್ ಕೊನೆಗೆ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದ ನಮ್ಮ ದೇಶದ ಸಿಪಾಯಿಗಳನ್ನು ಆಗಿನ ಫ್ರೆಂಚ್ ಚಿತ್ರಗಳು, ಅಂಚೆ ಕಾರ್ಡುಗಳು ಸಾರಾಸಗಟಾಗಿ 'ಹಿಂದೂ'ಗಳೆಂದು ಕರೆದವು. ಆ ಕಾಲದ ಫ್ರೆಂಚಿನಲ್ಲಿ ಅದಕ್ಕೆ ಭಾರತೀಯ ಎಂಬ ಅರ್ಥವಿತ್ತು, ನಿಜ. ಆದರೂ ಸಿಖ್ಖ, ಗೂರ್ಖಾ, ಪಠಾಣ, ಪಂಜಾಬಿ ಮುಸಲ್ಮಾನ ಎಲ್ಲರೂ ಆ ಒಂದು ಪದದೊಳಗೆ ಕರಗಿ ಹೋದರು. ಬೆಲ್ಜಿಯಂನ ಹೊಲೆಬೆಕೆಯಲ್ಲಿ 1914ರ ಅಕ್ಟೋಬರ್ 31ರಂದು ಮಷೀನ್ ಗನ್ ಬಿಡದೆ ಹೋರಾಡಿ, ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಭಾರತೀಯ ಸೈನಿಕನಾದ ಖುದಾದಾದ್ ಖಾನನಿಗೆ ಇತಿಹಾಸದಲ್ಲಿ ಹೆಸರಿದೆ. ಪದಕವಿಲ್ಲದವರ ಗತಿ ಆ ಶೀರ್ಷಿಕೆಯೇ. ಇನ್ನು ಕೆಸರಿನಲ್ಲಿ ಮಗುಚಿ ಬಿದ್ದ ಜರ್ಮನ್ ಹುಡುಗ 'ಬೋಶ್'. ಅದು ಹೆಸರಲ್ಲ, ಬೈಗುಳ. ನೂರು ವರ್ಷ ದಾಟಿದ ಮೇಲೂ ಆ ಬೈಗುಳವನ್ನೇ ಪಟ್ಟಿಯಲ್ಲಿ ಪ್ರತಿ ಮಾಡಿಕೊಳ್ಳುವುದು ಸಂಗ್ರಹವಾದೀತೆ?

ಇಲ್ಲಿ ಸಂಗ್ರಾಹಕರಿಗೆ ಒಂದು ಮಾತು ಹೇಳಲೇಬೇಕು. ಸತ್ತ ಸೈನಿಕನ ಹೆಣ, ಉರಿಯುವ ಊರು ಕಂಡರೆ ಕೊಳ್ಳುವವರ ಕಣ್ಣು ಅರಳುತ್ತದೆ. ಕಂದಕದಲ್ಲಿ ಸಾರು ಕುಡಿಯುವವನ, ಅಂಗಿಯ ಹೇನು ಹೆಕ್ಕುವವನ ಚಿತ್ರ ಮೂಲೆಗೆ ಬೀಳುತ್ತದೆ. ಹೀಗಾಗಿ ಒಬ್ಬನೇ ಸೈನಿಕ ಜೋಡಿಸಿಟ್ಟ ಪೆಟ್ಟಿಗೆಯನ್ನು ಒಡೆದು ಬಿಡಿಬಿಡಿಯಾಗಿ ಮಾರುವ ಚಾಳಿ ಬೆಳೆಯುತ್ತದೆ. ಗಾಜುಗಳು ಒಬ್ಬೊಬ್ಬರ ಪಾಲಾಗುತ್ತವೆ, ಜೊತೆಗಿದ್ದ ಟಿಪ್ಪಣಿ ಪುಸ್ತಕ ರದ್ದಿಗೆ ಹೋಗುತ್ತದೆ. ಹನ್ನೆರಡನೆಯ ಗಾಜಿನಲ್ಲಿ ನಗುತ್ತಿರುವವನೇ ಹದಿನೇಳನೆಯದರಲ್ಲಿ ಗೋರಿಯಾಗಿದ್ದಾನೆ ಎಂಬುದನ್ನು ಮತ್ತೆ ಯಾರು ಹೇಳಬೇಕು? ಬಾಂಬು ಒಮ್ಮೆ ಚದುರಿಸಿದ ಗೆಳೆಯರನ್ನು ನಾವು ಎರಡನೆಯ ಸಲ ಚದುರಿಸಿದಂತಾಯಿತು. ನಮ್ಮ ದೃಷ್ಟಿಯಲ್ಲಿ ನಕಲು ಗಾಜಿಗಿಂತ ಇದು ದೊಡ್ಡ ಅಪರಾಧ.

ಸ್ಟೀರಿಯೋ ತಂತ್ರ ಆ ಯುದ್ಧಕ್ಕೆ ಕೇವಲ ಪ್ರೇಕ್ಷಕನಾಗಿರಲಿಲ್ಲ ಎಂಬುದನ್ನೂ ಮರೆಯಬಾರದು. ವಿಮಾನದಿಂದ ತುಸು ಅಂತರದಲ್ಲಿ ತೆಗೆದ ಎರಡು ಚಿತ್ರಗಳನ್ನು ಜೋಡಿಯಾಗಿ ನೋಡಿದರೆ ಕಂದಕ, ದಿಬ್ಬ, ಅಡಗಿಸಿಟ್ಟ ತೋಪುಗಳೆಲ್ಲ ಎದ್ದು ಕಾಣುತ್ತಿದ್ದವು. ಫಿರಂಗಿಗೆ ಗುರಿ ಸಿಗುತ್ತಿತ್ತು. ಡ್ರಾಯಿಂಗ್ ರೂಮಿನಲ್ಲಿ ಬೆರಗಾದದ್ದೇ ಸೇನೆಯ ಕಚೇರಿಯಲ್ಲಿ ಆಯುಧವಾಯಿತು. ನೋಡುವುದು ಯಾವತ್ತೂ ಬರಿಯ ನೋಡುವುದಾಗಿರುವುದಿಲ್ಲ.

ಹಾಗಾದರೆ ಇವನ್ನು ಸಂಗ್ರಹಿಸಲೇಬಾರದೆ? ಖಂಡಿತ ಸಂಗ್ರಹಿಸಬೇಕು. ಗಾಜನ್ನು ಅಂಚಿನಿಂದ ಹಿಡಿಯಬೇಕು, ನಿಲ್ಲಿಸಿ ಇಡಬೇಕು, ಚಿತ್ರವಿರುವ ಬದಿಯನ್ನು ತೊಳೆಯಬಾರದು. ಪೆಟ್ಟಿಗೆ ಒಡೆಯಬಾರದು. ಹಳೆಯ ಶೀರ್ಷಿಕೆಯನ್ನು ಅಳಿಸದೆ, ನಾವು ಕಂಡುಕೊಂಡದ್ದನ್ನು ಬೇರೆ ಚೀಟಿಯಲ್ಲಿ ಬರೆದಿಡಬೇಕು.

ಉರ್ದುವಿನಲ್ಲಿ 'ಶಹಾದತ್' ಎಂಬ ಒಂದೇ ಪದಕ್ಕೆ ಸಾಕ್ಷ್ಯ ಎಂಬ ಅರ್ಥವೂ ಇದೆ, ಹುತಾತ್ಮನ ಸಾವು ಎಂಬ ಅರ್ಥವೂ ಇದೆ. ಗಾಜಿನೊಳಗೆ ಮಲಗಿರುವವನು ಎರಡನೆಯದನ್ನು ಕೊಟ್ಟು ಹೋಗಿದ್ದಾನೆ. ಮೊದಲನೆಯದು ಈಗ ಗಾಜನ್ನು ಕೈಯಲ್ಲಿ ಹಿಡಿದವರ ಪಾಲಿಗೆ ಬಂದಿದೆ. ಅವನ ಹೆಸರು ಸಿಕ್ಕರೆ ಬರೆಯೋಣ. ಸಿಗದಿದ್ದರೆ ಆ ಜಾಗವನ್ನು ಖಾಲಿ ಬಿಡೋಣ. ತನಗೆ ತಿಳಿಯದ್ದನ್ನು ಹೇಳದಿರುವುದೂ ಸಾಕ್ಷಿಯ ಧರ್ಮವೇ.