ಹೊಣೆ ಹಂಚಿದಲ್ಲಿ ಹುಟ್ಟುವ ನಾಯಕತ್ವ

ನಮ್ಮ ಕಾಲೇಜುಗಳಲ್ಲಿ ನಾಯಕತ್ವ ಕಲಿಸುವುದೆಂದರೆ ಈಗ ಬಹುಮಟ್ಟಿಗೆ ಒಂದು ದಿನದ ಕಾರ್ಯಾಗಾರ, ಅತಿಥಿಗಳ ಭಾಷಣ, ಕೊನೆಗೊಂದು ಪ್ರಮಾಣಪತ್ರ. ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯಂಥ ಊರುಗಳಿಂದ ಪದವಿಗೆ ಬರುವ ಮಕ್ಕಳಿಗೆ ಇದರಿಂದ ದಕ್ಕುವುದು ಬಹಳ ಕಡಿಮೆ. ಇದಕ್ಕಿಂತ ಗಟ್ಟಿಯಾದ ಮಾದರಿಗಳು ಈ ಸೀಮೆಯಲ್ಲೇ ಇವೆ.

ನೆರೆಯ ಸವದತ್ತಿ ತಾಲ್ಲೂಕಿನ ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ವಿದ್ಯೆಗೆಂದು ಮೃತ್ಯುಪತ್ರ ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಅದಾದ ಹತ್ತು ವರ್ಷಕ್ಕೆ, 1916ರ ನವೆಂಬರ್ 13ರಂದು, ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಒಂದು ಶಾಲೆ ತೆರೆದು ಕೆ.ಎಲ್.ಇ. ಸಂಸ್ಥೆಗೆ ಅಡಿಪಾಯ ಹಾಕಿದರು. 1933ರಲ್ಲಿ ಅದೇ ಸಂಸ್ಥೆ ಲಿಂಗರಾಜರ ಹೆಸರಿನಲ್ಲಿ ಕಾಲೇಜು ಆರಂಭಿಸಿತು. ಆ ಏಳು ಜನರನ್ನು ನಾಡು ಸಪ್ತರ್ಷಿಗಳೆಂದು ಪೂಜಿಸುತ್ತದೆ. ಅವರು ಕೆಲಸ ಮಾಡಿದ ಬಗೆಯನ್ನು ಮಾತ್ರ ಅಭ್ಯಾಸ ಮಾಡುವುದಿಲ್ಲ. ಅವರಲ್ಲಿ ಬಸವನಾಳ, ಸಾಖರೆಯವರಂಥ ವಿದ್ವಾಂಸರು ಪಾಠ, ಸಂಶೋಧನೆಗಳ ಜೊತೆಗೇ ಸಂಸ್ಥೆಯ ಭಾರವನ್ನೂ ಹೊತ್ತರು. ಕಲಿಸುವವರೇ ನಡೆಸುವವರೂ ಆಗಿದ್ದದ್ದು ಅವರ ನಿಜವಾದ ಸಾಧನೆ. ಆ ಏಳರಲ್ಲಿ ಒಬ್ಬ ಮಹಿಳೆಯೂ ಇರಲಿಲ್ಲ ಎಂಬುದು ಆ ಮಾದರಿಯ ಮಿತಿ.

ಗೋಕಾಕ ಸೀಮೆಯ ಮಮದಾಪುರದ ಡಿ.ಸಿ. ಪಾವಟೆಯವರದು ಇನ್ನೊಂದು ದಾರಿ. ಕೇಂಬ್ರಿಜ್‌ನಲ್ಲಿ ಗಣಿತ ಓದಿ ಬಂದ ಅವರು 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಧಾರವಾಡದ ಗುಡ್ಡದ ಮೇಲಿನ ಆ ಆವರಣದಲ್ಲಿ ಅವರ ಛಲ ಇಂದಿಗೂ ಕಾಣುತ್ತದೆ. ಆದರೆ ಒಬ್ಬರ ಛಲದ ಮೇಲೆ ನಿಂತ ಸಂಸ್ಥೆಗೆ ಅಂಥ ಇನ್ನೊಬ್ಬರು ಸಿಗುವ ಭರವಸೆ ಇರುವುದಿಲ್ಲ. ಆದ್ದರಿಂದ ನನ್ನ ಒಲವು ಏಳು ಶಿಕ್ಷಕರ ಕಡೆಗೇ.

ಹೊಣೆ ಹಂಚಿಕೊಳ್ಳುವ ಈ ಅಳತೆಗೋಲಿನಲ್ಲಿ ಇಂದಿನ ರೂಢಿ ಸೋಲುತ್ತದೆ. ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತು ದಶಕಗಳಾದವು. ಸರ್ಕಾರಿ ಪದವಿ ಕಾಲೇಜುಗಳು ವರ್ಷಗಟ್ಟಲೆ ಪ್ರಭಾರಿ ಪ್ರಾಚಾರ್ಯರ ಕೈಯಲ್ಲೇ ನಡೆದವು. ನಾಳೆ ಇರುತ್ತೇನೋ ಇಲ್ಲವೋ ಎನ್ನುವವರು ದೂರದ ಯೋಜನೆ ಹಾಕುವುದು ಹೇಗೆ? ಎನ್.ಎಸ್.ಎಸ್.ನ ಏಳು ದಿನಗಳ ಹಳ್ಳಿ ಶಿಬಿರದಲ್ಲೂ ಎಷ್ಟೋ ಕಡೆ ಹಿರಿಯರು ನಿರ್ಧರಿಸುತ್ತಾರೆ, ಮಕ್ಕಳು ಕಸ ಗುಡಿಸುತ್ತಾರೆ.

ಆ ಶಿಬಿರದಿಂದಲೇ ಬದಲಾವಣೆ ಶುರುವಾಗಲಿ. ಪಂಚಾಯಿತಿಯವರೊಡನೆ ಮಾತಾಡಿ ಕೆಲಸ ಆರಿಸುವುದು, ಖರ್ಚಿನ ಲೆಕ್ಕ ಬರೆಯುವುದು, ಅದನ್ನು ಎಲ್ಲರೆದುರು ಓದಿ ಪ್ರಶ್ನೆಗಳಿಗೆ ಉತ್ತರ ಕೊಡುವುದು, ಇಷ್ಟನ್ನೂ ವಿದ್ಯಾರ್ಥಿಗಳಿಗೇ, ಅದರಲ್ಲೂ ವಿದ್ಯಾರ್ಥಿನಿಯರಿಗೆ ಒಪ್ಪಿಸಬೇಕು. ತಪ್ಪಾದರೆ ತಿದ್ದಲು ಅಧ್ಯಾಪಕರು ಪಕ್ಕದಲ್ಲಿದ್ದರೆ ಸಾಕು. ಹೊಣೆ ಕೊಡದೆ ನಾಯಕತ್ವ ಕಲಿಸಲು ಆಗದು.